ಮೇರಿಯ ಕೈ, ಅವ್ವನ ಕೈ

ಈಗ ನೀವು ನೋಡ್ತಿರೋದು ನಾನು ಬರೆದ ನಾಲ್ಕನೇ ಕೈ. ಒಂದೇ ಕ್ಯಾನ್ವಾಸ್ ಮೇಲೆ, ಒಂದೇ ಜಾಗದಲ್ಲಿ. ಮೊದಲಿನ ಮೂರೂ ಬಣ್ಣ ಕರಗಿಸೋ ಟರ್ಪಂಟೈನ್‌ನ ಬಟ್ಟೆಗೆ ಹತ್ತಿ ಹೋದವು.

ಪಕ್ಕದಲ್ಲಿ ಟೇಪ್ ಹಚ್ಚಿರೋ ಪ್ರಿಂಟ್ ಇದೆಯಲ್ಲ, ಅದರ ಮೂಲ ಇರೋದು ಸಿಸಿಲಿಯ ಪಲೆರ್ಮೊದಲ್ಲಿ, ಪಲಾತ್ಸೊ ಅಬಾತೆಲ್ಲಿಸ್ ಅನ್ನೋ ಹಳೇ ಅರಮನೆಯಲ್ಲಿ. ಇಟಲಿಯ ಚಿತ್ರಗಾರ ಆಂತೊನೆಲ್ಲೊ ದಾ ಮೆಸ್ಸೀನಾ 1476ರ ಸುಮಾರಿಗೆ ಮರದ ಹಲಗೆ ಮೇಲೆ ಬರೆದ ಮೇರಿ, ಏಸುವಿನ ತಾಯಿ. ನಿನಗೆ ಮಗ ಹುಟ್ತಾನೆ ಅಂತ ಹೇಳೋಕೆ ದೇವದೂತ ಬರೋ ಗಳಿಗೆ ಅದು. ಎತ್ತರ ಬರೀ 45 ಸೆಂಟಿಮೀಟರ್. ಎಣ್ಣೆಬಣ್ಣ ಕಲಿಯೋಕೆ ಇದನ್ನೇ ಆರಿಸಿದ್ದು ಸೋಮಾರಿತನದಿಂದ. ಒಬ್ಬಳೇ ಹೆಂಗಸು, ಹಿಂದೆಲ್ಲ ಕಪ್ಪು, ತಲೆಮೇಲಿಂದ ನೀಲಿ ಹೊದಿಕೆ, ಎದುರಿಗೊಂದು ಪುಸ್ತಕ. ಬೆಟ್ಟ ಇಲ್ಲ, ಗಿಡ ಇಲ್ಲ, ರೆಕ್ಕೆಯ ದೇವದೂತ ಕೂಡ ಇಲ್ಲ. ಸಲೀಸು ಅಂದ್ಕೊಂಡೆ.

ಆಂತೊನೆಲ್ಲೊ ಫ್ಲಾಂಡರ್ಸ್‌ನ (ಈಗಿನ ಬೆಲ್ಜಿಯಂ ಕಡೆಯ) ಚಿತ್ರಗಾರ ವಾನ್ ಐಕ್ ಹತ್ರ ಹೋಗಿ ಎಣ್ಣೆಬಣ್ಣದ ಗುಟ್ಟು ಕಲಿತ ಅಂತ, ಕಲಾವಿದರ ಜೀವನಚರಿತ್ರೆ ಬರೆದ ವಸಾರಿ ಬರೆದಿಟ್ಟಿದ್ದಾನೆ. ವಾನ್ ಐಕ್ ತೀರಿಕೊಂಡಿದ್ದು 1441ರಲ್ಲಿ, ಆಗ ಇವನಿನ್ನೂ ಸಣ್ಣ ಹುಡುಗ! ಇವನು ಕಲಿತದ್ದು ನೇಪಲ್ಸ್‌ನಲ್ಲಿ, ಅಲ್ಲಿಗೆ ಬಂದಿದ್ದ ಫ್ಲೆಮಿಶ್, ಅಂದ್ರೆ ಫ್ಲಾಂಡರ್ಸ್‌ನ, ಚಿತ್ರಗಳನ್ನ ಕಣ್ಣಾರೆ ನೋಡಿ. ನನಗೆ ಇದು ಸಮಾಧಾನದ ವಿಷಯ.

ನೀಲಿಯಿಂದ ಶುರು ಮಾಡಿದೆ. ಆ ಕಾಲದ ಒಳ್ಳೇ ನೀಲಿ ಅಂದ್ರೆ ಅಫ್ಘಾನಿಸ್ತಾನದಿಂದ ಬಂದ ಲಾಪಿಸ್ ಅನ್ನೋ ನೀಲಿ ಕಲ್ಲನ್ನ ಅರೆದು ತೆಗೆದದ್ದು. ನನ್ನದು ಟ್ಯೂಬಿನ ಅಲ್ಟ್ರಾಮರೀನ್, ಕಾರ್ಖಾನೆಯದು. ಮೊದಲ ಪದರಕ್ಕೇ ಧಾರಾಳವಾಗಿ ಅಗಸೆ ಎಣ್ಣೆ ಸುರಿದೆ, ಮೇಲಿನದಕ್ಕೆ ಟರ್ಪಂಟೈನ್ ಹಾಕಿ ತೆಳು ಮಾಡಿದೆ. ಪೂರ್ತಿ ಉಲ್ಟಾ. ಎಣ್ಣೆ ನೀರಿನ ಹಾಗೆ ಆವಿಯಾಗಿ ಒಣಗಲ್ಲ, ಗಾಳಿಯ ಆಮ್ಲಜನಕ ಹಿಡ್ಕೊಂಡು ನಿಧಾನಕ್ಕೆ ಗಟ್ಟಿಯಾಗುತ್ತೆ. ಮೇಲಿನ ತೆಳು ಪದರ ಬೇಗ ಒಣಗಿತು, ಕೆಳಗಿನದು ಇನ್ನೂ ಮಿಸುಕಾಡ್ತಾನೇ ಇತ್ತು. ತಿಂಗಳಾದ ಮೇಲೆ ನೋಡಿದ್ರೆ ಹೊದಿಕೆ ತುಂಬ ಬೇಸಿಗೆ ಕೆರೆಯ ಬಿರುಕು. ಅದನ್ನ ಎತ್ತಿಟ್ಟು, ಹೊಸ ಕ್ಯಾನ್ವಾಸ್. ಈ ಸಲ ಕೆಳಗೆ ತೆಳು, ಮೇಲೆ ಜಿಡ್ಡು.

ಅವ್ವನ ದೂರು ಬೇರೆ. "ಮನಿ ತುಂಬ ಅಗಸಿ ಹಿಂಡಿ ವಾಸನಿ ಐತಿ, ತಿನ್ನಾಕ ಮಾತ್ರ ಏನೂ ಇಲ್ಲ."

ಮುಖ ಒಂದು ಮಟ್ಟಿಗೆ ಬಂತು. ಕೈ ಬರಲಿಲ್ಲ. ಮೇರಿ ಎಡಗೈಲಿ ಹೊದಿಕೆಯನ್ನ ಎದೆ ಹತ್ರ ಹಿಡಿದಿದ್ದಾಳೆ, ಬಲಗೈ ನಮ್ಮ ಕಡೆ ಚಾಚಿದೆ. ಬೆರಳುಗಳು ನೇರ ನಮ್ಮತ್ತ ಬರೋದ್ರಿಂದ ಉದ್ದ ಕಾಣಲ್ಲ, ಮೊಂಡಾಗಿ ಕಾಣ್ತವೆ. ನಾನು ಬೆರಳು ಅಂದ್ರೆ ಉದ್ದ ಇರ್ಬೇಕು ಅಂತ ಎಳೆದೆಳೆದು ಬರೆದೆ. ಅವ್ವ ಚಹಾ ಕೊಡೋಕೆ ಬಂದವಳು ನಿಂತು ನೋಡಿ, "ಯಾಕ, ಟ್ರಾಫಿಕ್ ಪೊಲೀಸಾಗ್ಯಾಳೇನು ಇಕಿ?" ಅಂದ್ಲು. ಒರೆಸಿದೆ.

ಒಂದು ಮಧ್ಯಾಹ್ನ ಅವ್ವ ಪೇಪರ್ ಓದ್ತಾ ಕೂತಿದ್ಲು. ನಾನು ಏನೋ ಕೇಳೋಕೆ ಹೋದೆ. ತಲೆ ಎತ್ತಲಿಲ್ಲ, ಬಲಗೈ ಅಷ್ಟೇ ಮುಂದೆ ಬಂತು. "ತಡಿ." ಅಂಗೈ ಅರ್ಧ ಕೆಳಗೆ, ಬೆರಳು ಸಡಿಲ, ಒಂದೊಂದೂ ಒಂದೊಂದು ಎತ್ತರಕ್ಕೆ. ತಡೆಯೋ ಕೈ ಅಲ್ಲ ಅದು, ಓದೋದು ಇನ್ನೂ ಮುಗಿದಿಲ್ಲ ಅನ್ನೋ ಕೈ. ಆಗ ಪ್ರಿಂಟ್ ಕಡೆ ತಿರುಗಿದೆ. ಮೇರಿ ಎದುರಿನ ಪುಸ್ತಕದ ಹಾಳೆ ಎದ್ದು ನಿಂತಿದೆ, ಈಗಷ್ಟೇ ಗಾಳಿ ಆಡಿದ ಹಾಗೆ. ದೇವದೂತ ಬಂದಾಗಿದೆ. ಚಿತ್ರದಲ್ಲಿ ಅವನನ್ನ ಹುಡುಕ್ತಿದ್ದೆ. ಅವನ ಜಾಗದಲ್ಲಿ ನಿಂತಿದ್ದವನು ನಾನೇ.

"ಅವ್ವಾ, ಕೈ ಹಂಗ ಹಿಡಿ, ಹತ್ತು ನಿಮಿಷ."

"ಒಲಿ ಮ್ಯಾಲೆ ಹಾಲಿಟ್ಟೇನಿ."

ಹಾಲು ಉಕ್ಕಿತು. ಒಲೆ ಒರೆಸಿದ್ದು ನಾನು. ನಾಲ್ಕನೇ ಕೈ ಇದೇ. ಹೆಬ್ಬೆರಳು ಇನ್ನೂ ದಪ್ಪ ಇದೆ, ಗೊತ್ತು. ಮುಟ್ಟಿದ್ರೆ ಅಂಟುತ್ತೆ, ಇನ್ನೊಂದು ವಾರ ಕಿಟಕಿ ಹತ್ರ ಇರಲಿ.