ಶೇಕಡಾ ಹನ್ನೊಂದರ ಲೆಕ್ಕ

(ಧಾರವಾಡದಲ್ಲಿ ದೈಹಿಕ ಶಿಕ್ಷಣ ಶಿಕ್ಷಕರ ಮುಂದೆ ನೀಡಿದ ಉಪನ್ಯಾಸ)

ಎಲ್ಲ ಮಾಸ್ತರರಿಗೂ ಅಕ್ಕೋರಿಗೂ ನಮಸ್ಕಾರ. ಊಟ ಆದ ಮೇಲಿನ ಹೊತ್ತು, ಅದರಲ್ಲೂ ನನ್ನ ವಿಷಯ ಬರೀ ಅಂಕಿ: ಓಟದಲ್ಲಿ ಗಂಡಸರಿಗೂ ಹೆಂಗಸರಿಗೂ ಇರುವ ಟೈಮಿಂಗ್ ಅಂತರ. ಕಣ್ಣು ಎಳೆದರೆ ತಪ್ಪು ನಿಮ್ಮದಲ್ಲ.

1954ರ ಮೇ 6ರಂದು ಆಕ್ಸ್‌ಫರ್ಡ್‌ನಲ್ಲಿ ರೋಜರ್ ಬ್ಯಾನಿಸ್ಟರ್ ಒಂದು ಮೈಲನ್ನು 3 ನಿಮಿಷ 59.4 ಸೆಕೆಂಡಿನಲ್ಲಿ ಓಡಿದರು. ನಾಲ್ಕು ನಿಮಿಷದೊಳಗೆ ಮೈಲು ಓಡಿದ ಮೊದಲಿಗರು. ಇದು ಕ್ವಿಜ್‌ಗೆ ಹೋಗುವ ಮಕ್ಕಳಿಗೂ ಗೊತ್ತು. ಅದಾಗಿ 23 ದಿನಕ್ಕೆ, ಮೇ 29ರಂದು, ಬರ್ಮಿಂಗ್‌ಹ್ಯಾಮ್‌ನಲ್ಲಿ ಡಯಾನ್ ಲೆದರ್ ಅದೇ ಮೈಲನ್ನು 4 ನಿಮಿಷ 59.6 ಸೆಕೆಂಡಿನಲ್ಲಿ ಮುಗಿಸಿದರು. ಐದು ನಿಮಿಷದೊಳಗೆ ಮೈಲು ಓಡಿದ ಮೊದಲ ಹೆಣ್ಣುಮಗಳು. ಈ ಹೆಸರು ಮೊದಲೇ ಕೇಳಿದವರು ಕೈ ಎತ್ತಿ ನೋಡೋಣ. ಯಾರೂ ಇಲ್ಲ, ಅಲ್ವಾ? ಆಗ ಹೆಂಗಸರ ಮೈಲಿಗೆ ಅಧಿಕೃತ ವಿಶ್ವದಾಖಲೆ ಅನ್ನುವುದೇ ಇರಲಿಲ್ಲ. ಓಡಿದರೂ ಬರೆದಿಡಲು ಪುಸ್ತಕದಲ್ಲಿ ಜಾಗ ಇಲ್ಲ.

ಇವರಿಬ್ಬರ ಟೈಮಿಂಗ್ ಪಕ್ಕಪಕ್ಕ ಇಡಿ. ಲೆದರ್‌ಗೆ ಬ್ಯಾನಿಸ್ಟರ್‌ಗಿಂತ ಶೇ. 25ರಷ್ಟು ಜಾಸ್ತಿ ಹೊತ್ತು ಹಿಡಿದಿತ್ತು. ಈಗ ಹತ್ತಿರದ ಕಾಲಕ್ಕೆ ಬನ್ನಿ. ಕೀನ್ಯಾದ ಫೇತ್ ಕಿಪ್‌ಯೆಗಾನ್ 2023ರಲ್ಲಿ ಮೊನಾಕೊದಲ್ಲಿ ಮೈಲನ್ನು 4 ನಿಮಿಷ 7.64 ಸೆಕೆಂಡಿನಲ್ಲಿ ಓಡಿದರು. ಗಂಡಸರಲ್ಲಿ ಮೊರಾಕ್ಕೊದ ಹಿಶಾಮ್ ಎಲ್ ಗೆರೂಜ್ 1999ರಲ್ಲಿ ಮಾಡಿದ್ದು 3 ನಿಮಿಷ 43.13 ಸೆಕೆಂಡ್. ಅಂತರ ಶೇ. 11.

ಇಪ್ಪತ್ತೈದು ಇದ್ದದ್ದು ಹನ್ನೊಂದಾಯಿತು. ನನ್ನ ಇಡೀ ಮಾತು ಈ ನಡುವಿನ ಹದಿನಾಲ್ಕರ ಬಗ್ಗೆ.

ಎಪ್ಪತ್ತು ವರ್ಷದಲ್ಲಿ ಹೆಣ್ಣಿನ ಶ್ವಾಸಕೋಶ ಬದಲಾಗಿಲ್ಲ, ಕಾಲಿನ ಎಲುಬು ಉದ್ದ ಆಗಿಲ್ಲ. ಬದಲಾಗಿದ್ದು ಓಡಲು ಸಿಕ್ಕ ಅವಕಾಶ. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಹೆಂಗಸರಿಗೆ 800 ಮೀಟರ್ ಇಟ್ಟರು. ಆಮೇಲೆ ‘ಇವರ ಕೈಲಿ ಆಗೋದಿಲ್ಲ’ ಅಂತ ತೆಗೆದು ಹಾಕಿದರು. ಅದು ಮತ್ತೆ ಬಂದಿದ್ದು 1960ರಲ್ಲಿ. 1500 ಮೀಟರ್ ಬಂದಿದ್ದು 1972ಕ್ಕೆ, ಮ್ಯಾರಥಾನ್ 1984ಕ್ಕೆ, 10,000 ಮೀಟರ್ 1988ಕ್ಕೆ. 5000 ಮೀಟರ್‌ಗಂತೂ 1996ರ ತನಕ ಕಾಯಬೇಕಾಯಿತು. ಗಂಡಸರು ಅದನ್ನು 1912ರಿಂದಲೇ ಓಡುತ್ತಿದ್ದರು. ಸ್ಪರ್ಧೆಯೇ ಇಲ್ಲದ ಓಟಕ್ಕೆ ಯಾರು ತಯಾರಿ ಮಾಡುತ್ತಾರೆ ಹೇಳಿ!

ಹಾಗಾದರೆ ಉಳಿದ ಹನ್ನೊಂದೂ ಕರಗುತ್ತದಾ? 1992ರಲ್ಲಿ ನೇಚರ್ ವಿಜ್ಞಾನ ಪತ್ರಿಕೆಯಲ್ಲಿ ಇಬ್ಬರು ಸಂಶೋಧಕರು ದಾಖಲೆಗಳ ಗ್ರಾಫ್ ಹಾಕಿ, ಗೆರೆಗಳನ್ನು ಹಾಗೇ ಮುಂದಕ್ಕೆ ಎಳೆದು, 1998ರ ಹೊತ್ತಿಗೆ ಮ್ಯಾರಥಾನ್‌ನಲ್ಲಿ ಹೆಂಗಸರು ಗಂಡಸರನ್ನು ಹಿಡಿಯಬಹುದು ಅಂದರು. ಹಿಡಿಯಲಿಲ್ಲ. ತಡವಾಗಿ ಶುರು ಮಾಡಿದವರು ಮೊದಮೊದಲು ಭರದಿಂದ ಸುಧಾರಿಸುತ್ತಾರೆ, ಆಮೇಲೆ ಸುಧಾರಣೆಯ ವೇಗ ತಗ್ಗುತ್ತದೆ. ಗೆರೆ ಎಳೆಯುವ ಸ್ಕೇಲಿಗೆ ಇದು ಹೇಗೆ ಗೊತ್ತಾಗಬೇಕು? ಈಗ ವಿಶ್ವದಾಖಲೆಗಳ ಅಂತರ 100 ಮೀಟರ್‌ನಲ್ಲಿ ಶೇಕಡಾ ಸುಮಾರು ಒಂಬತ್ತೂವರೆ, 10,000ದಲ್ಲಿ ಹತ್ತರ ಮೇಲೆ ಚೂರು, 1500 ಮತ್ತು 5000ದಲ್ಲಿ ಹನ್ನೊಂದು. ಅಲ್ಲೇ ಸುತ್ತಾಡುತ್ತಿದೆ.

ಇದಕ್ಕೆ ಕಾರಣ ದೇಹ. ಐದನೇ, ಆರನೇ ಕ್ಲಾಸಿನ ಹುಡುಗಿಯರು ಹುಡುಗರನ್ನು ಹಿಂದೆ ಹಾಕುವುದನ್ನು ನೀವೇ ನೋಡಿದ್ದೀರಿ. ಹರೆಯ ಬಂದ ಮೇಲೆ ಹುಡುಗರಲ್ಲಿ ಟೆಸ್ಟೋಸ್ಟೆರಾನ್ ಏರುತ್ತದೆ. ಸ್ನಾಯು ಬೆಳೆಯುತ್ತದೆ, ಹೃದಯ ದೊಡ್ಡದಾಗುತ್ತದೆ, ರಕ್ತದಲ್ಲಿ ಹಿಮೊಗ್ಲೋಬಿನ್ ಹೆಚ್ಚಾಗುತ್ತದೆ. ಇದನ್ನು ಒಪ್ಪಿಕೊಳ್ಳುವುದರಲ್ಲಿ ಅವಮಾನ ಏನಿಲ್ಲ. ಒಪ್ಪಿಕೊಂಡರೇ ಅವಕಾಶದ ಆ ಹದಿನಾಲ್ಕು ಕಣ್ಣಿಗೆ ಬೀಳುವುದು.

ಇನ್ನೊಂದು ಹೋಲಿಕೆ ನನಗೆ ಬಹಳ ಇಷ್ಟ. 1942ರಲ್ಲಿ ಸ್ವೀಡನ್ನಿನ ಗುಂಡರ್ ಹೇಗ್ 5000 ಮೀಟರನ್ನು 13 ನಿಮಿಷ 58.2 ಸೆಕೆಂಡಿನಲ್ಲಿ ಓಡಿ, 14 ನಿಮಿಷದೊಳಗೆ ಬಂದ ಮೊದಲ ಗಂಡಸಾದರು. 2025ರಲ್ಲಿ ಕೀನ್ಯಾದ ಬೀಟ್ರಿಸ್ ಚೆಬೆಟ್ 14 ನಿಮಿಷದೊಳಗೆ ಬಂದ ಮೊದಲ ಹೆಂಗಸಾದರು. ಟೈಮಿಂಗ್ 13 ನಿಮಿಷ 58.06. ಇನ್ನೂ ಇದೆ, ಕೇಳಿ. 1954ರಲ್ಲಿ, ಲೆದರ್ ಓಡಿದ ಮೂರೇ ದಿನಕ್ಕೆ, ಚೆಕೊಸ್ಲೊವಾಕಿಯಾದ ಎಮಿಲ್ ಜಾಟೊಪೆಕ್ 10,000 ಮೀಟರನ್ನು 28 ನಿಮಿಷ 54.2 ಸೆಕೆಂಡಿನಲ್ಲಿ ಮುಗಿಸಿದರು. 29 ನಿಮಿಷದೊಳಗೆ ಬಂದ ಮೊದಲಿಗರು. 2024ರಲ್ಲಿ ಅದೇ ಚೆಬೆಟ್ ಮಾಡಿದ್ದು 28 ನಿಮಿಷ 54.14! ಎರಡೂ ಕಡೆ ಕೂದಲೆಳೆಯ ಅಂತರ. ಆ ವೇಗ ಕೊನೆತನಕ ಹಿಡಿದರೆ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಒಂದು ಗಂಟೆಯೂ ಬೇಡ. ಆ ಗಂಡಸರು ಓಡಿದ್ದು ಕಲ್ಲಿದ್ದಲ ಕಿಟ್ಟ ಹಾಸಿದ ಟ್ರ್ಯಾಕ್ ಮೇಲೆ. ಚೆಬೆಟ್‌ಗೆ ಸಿಂಥೆಟಿಕ್ ಟ್ರ್ಯಾಕ್, ಇವತ್ತಿನ ಶೂ ಇದ್ದವು. ಹಾಗಾಗಿ ಯಾರು ದೊಡ್ಡವರು ಅನ್ನುವ ಜಗಳಕ್ಕೆ ಈ ಅಂಕಿ ಬಳಸಬೇಡಿ.

ಹರ್ಡಲ್ಸ್, ಶಾಟ್‌ಪುಟ್‌ಗೆ ಈ ಲೆಕ್ಕ ಹಾಕಲೇಬೇಡಿ. 400 ಮೀಟರ್ ಹರ್ಡಲ್ಸ್‌ನಲ್ಲಿ ಹೆಂಗಸರ ಹರ್ಡಲ್ 76.2 ಸೆಂಟಿಮೀಟರ್, ಗಂಡಸರದ್ದು 91.4. ಗುಂಡಿನ ತೂಕ 4 ಕೆಜಿ ಮತ್ತು 7.26 ಕೆಜಿ.

2025ರ ಜೂನ್‌ನಲ್ಲಿ ಪ್ಯಾರಿಸ್‌ನಲ್ಲಿ ಕಿಪ್‌ಯೆಗಾನ್ ನಾಲ್ಕು ನಿಮಿಷದ ಮೈಲಿಗೆ ಪ್ರಯತ್ನ ಮಾಡಿದರು. ಗಾಳಿ ತಡೆಯಲು ಹಿಂದೆ ಮುಂದೆ ಪೇಸರ್‌ಗಳು, ಅಂದರೆ ವೇಗ ಹಿಡಿದಿಡಲು ಜೊತೆಗೆ ಓಡುವವರು, ಹೆಚ್ಚಿನವರು ಗಂಡಸರು. ಬಂದಿದ್ದು 4 ನಿಮಿಷ 6.42. ಅದು ದಾಖಲೆಗೆ ಲೆಕ್ಕವಿಲ್ಲ. ಕೆಲವರು ‘ಸೋತಳು’ ಅಂದರು. ನನಗೆ ಸಿಟ್ಟು ಬಂತು. ಬ್ಯಾನಿಸ್ಟರ್ ಟೈಮಿಂಗ್‌ಗೆ ಶೇ. 11 ಸೇರಿಸಿದರೆ ಸುಮಾರು 4 ನಿಮಿಷ 26 ಸೆಕೆಂಡ್ ಆಗುತ್ತದೆ. ಆ ಲೆಕ್ಕದಲ್ಲಿ ಆಕೆ ಬ್ಯಾನಿಸ್ಟರ್‌ನ್ನು ಎಂದೋ ದಾಟಿ ಹೋಗಿದ್ದಾರೆ.

ಈಗ ನಮ್ಮ ಮೈದಾನಕ್ಕೆ ಬರೋಣ. ವಲಯ ಮಟ್ಟದ, ತಾಲೂಕು ಮಟ್ಟದ ರಿಸಲ್ಟ್ ಹಾಳೆ ನಿಮ್ಮ ಹತ್ತಿರ ಇರುತ್ತವೆ. ನವಲಗುಂದದ್ದಾಗಲಿ, ರೋಣದ್ದಾಗಲಿ, ಹಾನಗಲ್ಲಿನದ್ದಾಗಲಿ. ಹುಡುಗರಲ್ಲಿ ಮೊದಲ ಮೂವರ ಸರಾಸರಿ, ಹುಡುಗಿಯರಲ್ಲಿ ಮೊದಲ ಮೂವರ ಸರಾಸರಿ ತೆಗೆಯಿರಿ. ಶೇಕಡಾ ಅಂತರ ಹಾಕಿ. ಹೈಸ್ಕೂಲ್ ವಯಸ್ಸಿಗೆ ಅದು ಹನ್ನೊಂದನ್ನು ಬಹಳ ದಾಟಬಾರದು. ಇಪ್ಪತ್ತು, ಇಪ್ಪತ್ತೈದು ಬಂದರೆ ನೀವಿನ್ನೂ 1954ರಲ್ಲೇ ಇದ್ದೀರಿ ಅಂತ ತಿಳೀರಿ.

ಆಗ ‘ಹುಡುಗೀರು ಅಷ್ಟೇ ಬಿಡ್ರೀ’ ಅನ್ನದೆ ನಾಲ್ಕು ಪ್ರಶ್ನೆ ಕೇಳಿ. ಸಂಜೆ ಪ್ರಾಕ್ಟೀಸಿಗೆ ಆಕೆಯನ್ನು ಮನೆಯವರು ಬಿಡುತ್ತಾರಾ? ಶೂ ಇದೆಯಾ? ಮುಟ್ಟಿನ ದಿನಗಳ ಬಗ್ಗೆ ಮಾತಾಡಲು ಶಾಲೆಯಲ್ಲಿ ಒಬ್ಬ ಅಕ್ಕೋರು ಇದ್ದಾರಾ? ಕೊನೆಯದು ರಕ್ತದ್ದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ. 59 ಮಂದಿಗೆ ರಕ್ತಹೀನತೆ ಇದೆ. ಸ್ನಾಯುವಿಗೆ ಆಮ್ಲಜನಕ ಒಯ್ಯುವುದೇ ಹಿಮೊಗ್ಲೋಬಿನ್. ಅದೇ ಕಮ್ಮಿ ಇದ್ದರೆ 800 ಮೀಟರ್‌ನ ಎರಡನೇ ಸುತ್ತಿನಲ್ಲಿ ಹುಡುಗಿ ಕುಸಿಯುತ್ತಾಳೆ. ನಾವು ‘ಸ್ಟ್ಯಾಮಿನಾ ಇಲ್ಲ’ ಅಂತ ಬರೆದು ಮುಗಿಸುತ್ತೇವೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಂದು ರಕ್ತ ಪರೀಕ್ಷೆ ಮಾಡಿಸಿದರೆ ಗೊತ್ತಾಗುವ ವಿಷಯ ಅದು.

ಮೊದಲು 800 ಮೀಟರ್‌ನಿಂದಲೇ ಶುರು ಮಾಡಿ. ಹ್ಯಾಂಡ್ ಟೈಮಿಂಗ್ ಆದರೂ ನಡೆಯುತ್ತದೆ. ಎರಡೂ ಓಟಕ್ಕೆ ಒಬ್ಬರೇ ವಾಚ್ ಹಿಡಿಯಲಿ, ಸುತ್ತಿನ ಟೈಮಿಂಗ್ ಬೇರೆ ಬೇರೆ ಬರೆಯಲಿ. ಪ್ರಶ್ನೆ ಇದ್ದರೆ ಈಗ ಕೇಳಬಹುದು.