ಹಣ ಹಾಕಿದ್ದಾರೆ, ಕೈಗೆ ಬಂತಾ?

ಎಲ್ಲರಿಗೂ ನಮಸ್ಕಾರ. ಸ್ವಸಹಾಯ ಸಂಘದ ಅಕ್ಕಂದಿರು, ಪಂಚಾಯ್ತಿ ಸದಸ್ಯರು, ಹಿಂದಿನ ಸಾಲಲ್ಲಿ ಕೂತಿರುವ ಬ್ಯಾಂಕಿನ ಗೆಳೆಯರು, ಎಲ್ಲರೂ ಒಂದೇ ಕಡೆ ಸಿಕ್ಕಿದ್ದೀರಿ. ಇಂಥ ಅವಕಾಶ ಮತ್ತೆ ಸಿಗುವುದು ಕಷ್ಟ. ನೇರ ವಿಷಯಕ್ಕೇ ಬರುತ್ತೇನೆ.

ಖಾತೆಗೆ ನೇರವಾಗಿ ಹಣ ಹಾಕುವುದಕ್ಕೆ ನನ್ನ ವಿರೋಧ ಇಲ್ಲ. ಸರ್ಕಾರ ಒಂದು ರೂಪಾಯಿ ಕಳಿಸಿದರೆ ಜನರಿಗೆ ಸೇರುವುದು 15 ಪೈಸೆ ಅಂತ 1985ರಲ್ಲಿ ರಾಜೀವ್ ಗಾಂಧಿ ಹೇಳಿದ್ದು ನಿಮಗೆಲ್ಲ ಗೊತ್ತು. 2013ರ ಜನವರಿಯಲ್ಲಿ ನೇರ ವರ್ಗಾವಣೆ ಶುರುವಾಯಿತು. ಆಮೇಲೆ ಜನಧನ ಖಾತೆ, ಪಿಎಂ ಕಿಸಾನ್, 2023ರಲ್ಲಿ ನಮ್ಮ ಗೃಹಲಕ್ಷ್ಮಿ. ತಿಂಗಳಿಗೆ 2,000 ರೂಪಾಯಿ, ಅದೂ ಮನೆಯ ಯಜಮಾನಿಯ ಹೆಸರಿಗೇ. ಯಾರ ಕೈಕಾಲೂ ಹಿಡಿಯಬೇಕಾಗಿಲ್ಲ. ಇದು ಸಣ್ಣ ಮಾತಲ್ಲ. ನನ್ನ ತಕರಾರು ಒಂದೇ. ಮೇಲಿನವರು "ಹಾಕಿದ್ದೇವೆ" ಅನ್ನುತ್ತಾರೆ. ಬಂತಾ ಅಂತ ಕೇಳುವವರು ಯಾರು?

ನನಗೆ ಗೊತ್ತಿರುವ ಒಬ್ಬ ಅಜ್ಜಿಯ ಕತೆ ಹೇಳುತ್ತೇನೆ. ಗೃಹಲಕ್ಷ್ಮಿ ಅರ್ಜಿ ಮಂಜೂರಾಗಿತ್ತು. ಪಾಸ್‌ಬುಕ್ಕಿನಲ್ಲಿ ಮಾತ್ರ ಏನೂ ಇಲ್ಲ. ಬ್ಯಾಂಕಿನಲ್ಲಿ "ನಮಗೆ ಬಂದಿಲ್ಲ, ಇಲಾಖೆಯಲ್ಲಿ ಕೇಳಿ" ಅಂದರು. ಇಲಾಖೆಯಲ್ಲಿ "ನಮ್ಮಿಂದ ಹೋಗಿದೆ, ಬ್ಯಾಂಕಿನಲ್ಲಿ ಕೇಳಿ" ಅಂದರು. ಸೊಸೆ ಆಧಾರ್ ಜೆರಾಕ್ಸ್ ಹಿಡಿದು ಮತ್ತೆ ಬ್ಯಾಂಕಿಗೆ ಹೋದಳು. ಆಧಾರ್ ಲಿಂಕ್ ಆಗಿದೆ ಅಂದರು. ಅದೂ ನಿಜವೇ! ಕೊನೆಗೆ ಮೊಮ್ಮಗ ಫೋನಿನಲ್ಲಿ *99*99*1# ಒತ್ತಿ ಅಜ್ಜಿಯ ಆಧಾರ್ ನಂಬರ್ ಹಾಕಿದ. ಬೇರೆಯೇ ಬ್ಯಾಂಕಿನ ಹೆಸರು ಬಂತು. ಯಾವಾಗಲೋ ಊರಲ್ಲಿ ಕ್ಯಾಂಪ್ ಹಾಕಿದವರು ಹೆಬ್ಬೆಟ್ಟು ಒತ್ತಿಸಿಕೊಂಡು ತೆರೆದ ಖಾತೆ. ಅಷ್ಟೂ ಹಣ ಅಲ್ಲಿತ್ತು. "ನಮ್ಮನೆಗೆ ಹೊರಟ ಲಕ್ಷ್ಮಿ ಪಕ್ಕದ ಮನೆಯಲ್ಲಿ ಕೂತಿದ್ದಾಳಲ್ಲಪ್ಪಾ" ಅಂದರು ಅಜ್ಜಿ. ನಗಬೇಡಿ, ನಗಬೇಡಿ. ಈ ಸಭೆಯಲ್ಲೂ ಅಂಥ ಲಕ್ಷ್ಮಿಯರು ಇರಬಹುದು.

ಕಾರಣ ಇಷ್ಟೇ. ಆಧಾರ್ ಮೂಲಕ ಬರುವ ಹಣ ಅಕೌಂಟ್ ನಂಬರ್ ನೋಡುವುದಿಲ್ಲ. ಕೊನೆಯದಾಗಿ ಯಾವ ಬ್ಯಾಂಕಿಗೆ ಎನ್‌ಪಿಸಿಐ ಮ್ಯಾಪಿಂಗ್ ಆಗಿದೆಯೋ, ಅಂದರೆ ರಾಷ್ಟ್ರೀಯ ಪಾವತಿ ನಿಗಮದ ಪಟ್ಟಿಯಲ್ಲಿ ನಿಮ್ಮ ಆಧಾರ್ ಎದುರು ಯಾವ ಬ್ಯಾಂಕಿನ ಹೆಸರಿದೆಯೋ, ಅಲ್ಲಿಗೆ ಹೋಗುತ್ತದೆ. ಕೆವೈಸಿಗೆ ಕೊಟ್ಟ ಆಧಾರ್ ಬೇರೆ, ಈ ಮ್ಯಾಪಿಂಗ್ ಬೇರೆ. 2017ರಲ್ಲಿ ಲಕ್ಷಾಂತರ ಜನರ ಗ್ಯಾಸ್ ಸಬ್ಸಿಡಿ ಹೀಗೇ ಏರ್‌ಟೆಲ್ ಪೇಮೆಂಟ್ಸ್ ಬ್ಯಾಂಕಿನ ಖಾತೆಗಳಿಗೆ ಹೋಯಿತು. ಸಿಮ್‌ಗೆ ಅಂತ ಬೆರಳು ಒತ್ತಿದ ಎಷ್ಟೋ ಜನರಿಗೆ ಖಾತೆ ತೆರೆದದ್ದೇ ಗೊತ್ತಿರಲಿಲ್ಲ. ಸರ್ಕಾರದ ಲೆಕ್ಕದಲ್ಲಿ ಆ ಹಣವೂ ತಲುಪಿದ ಹಣವೇ. ಬಂತಾ ಅಂತ ಯಾರೂ ಕೇಳಲಿಲ್ಲ, ಅಲ್ವಾ?

ಇನ್ನು ಅಕ್ಕಿಯ ಮಾತು. ಜಾರ್ಖಂಡ್‌ನಲ್ಲಿ ರಾಂಚಿ ಹತ್ತಿರ ನಗ್ರಿ ಅಂತ ಇದೆ. ಅಲ್ಲಿ ರೇಷನ್ ಅಕ್ಕಿ ಕೆಜಿಗೆ ಒಂದು ರೂಪಾಯಿ ಇತ್ತು. 2017ರಲ್ಲಿ ಸಬ್ಸಿಡಿ ಖಾತೆಗೆ ಬರುತ್ತದೆ, ನೀವು 32 ರೂಪಾಯಿ ಕೊಟ್ಟು ಕೊಳ್ಳಿ ಅಂದರು. ಜನ ಮೊದಲು ಬ್ಯಾಂಕಿಗೆ ಹೋಗಬೇಕು, ಹಣ ಬಿದ್ದಿದೆಯಾ ನೋಡಬೇಕು, ತೆಗೆಯಬೇಕು, ಆಮೇಲೆ ರೇಷನ್ ಅಂಗಡಿ. ಒಂದು ದಿನದ ಕೂಲಿ ಹೋಯಿತು. ಜನ ಬೀದಿಗಿಳಿದರು. 2018ರಲ್ಲಿ ಅದನ್ನು ಕೈಬಿಟ್ಟರು. ನಮ್ಮಲ್ಲೂ 2023ರಲ್ಲಿ ಅನ್ನಭಾಗ್ಯದ ಐದು ಕೆಜಿ ಅಕ್ಕಿಯ ಬದಲು ತಲೆಗೆ 170 ರೂಪಾಯಿ ಬಂತು. 2025ರಲ್ಲಿ ಮತ್ತೆ ಅಕ್ಕಿ ಕೊಟ್ಟರು. ಒಳ್ಳೆಯದೇ ಮಾಡಿದರು. ಹಸಿದ ಮನೆಗೆ ಅಕ್ಕಿ ಅಕ್ಕಿಯಾಗಿಯೇ ಬರಬೇಕು.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಮುಗಿಸುತ್ತೇನೆ. ಬೆರಳ ಗೆರೆ ಸವೆದವರು, ಹೆಸರಿನಲ್ಲಿ ಒಂದಕ್ಷರ ತಪ್ಪಿದ್ದಕ್ಕೆ ನರೇಗಾ ಕೂಲಿ ನಿಂತವರು, ಅವರ ಬಗ್ಗೆ ತುಂಬಾ ಹೇಳುವುದಿತ್ತು. ಇರಲಿ. ಒಂದು ಕೆಲಸ ಮಾತ್ರ ಕೇಳುತ್ತೇನೆ. ತಿಂಗಳಿಗೊಂದು ದಿನ ಪಂಚಾಯ್ತಿ ಕಟ್ಟೆಯಲ್ಲಿ ಬ್ಯಾಂಕ್ ಮಿತ್ರ, ಅಂಗನವಾಡಿ ಟೀಚರ್, ಪಿಡಿಒ ಮೂವರೂ ಕೂತುಕೊಳ್ಳಲಿ. ಹಣ ಬಾರದವರಿಗೆ ಕಾರಣವನ್ನು ಕನ್ನಡದಲ್ಲಿ ಬರೆದು ಕೊಡಲಿ. ಪಿಡಿಒ ಅವರೇ, ಬ್ಯಾಂಕಿನವರೂ ಇಲ್ಲೇ ಇದ್ದಾರೆ. ಟೀ ಕುಡಿಯಲು ಏಳುವ ಮೊದಲು ದಿನ ಯಾವುದು ಅಂತ ಮೈಕಿನಲ್ಲಿ ಹೇಳಿಬಿಡಿ.