ಪತ್ತೇದಾರಿ ಕಥೆಗಳಿಗೊಂದು ತ್ರೈಮಾಸಿಕ

ಕೇಳುಗರಿಗೆ ನಮಸ್ಕಾರ.

ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನಿಂದ ಓದಿನ ರುಚಿ ಹತ್ತಿಸಿಕೊಂಡ ಕನ್ನಡಿಗರು ಬಹಳ ಮಂದಿ. ಅಂಥ ಓದುಗರಿಗಾಗಿ ಸಣ್ಣದೊಂದು ಪತ್ತೇದಾರಿ ಪತ್ರಿಕೆ ತರಬೇಕೆನ್ನುವವರು ಮೊದಲು ಯೋಚಿಸುವುದು ಮುಖಪುಟ ಮತ್ತು ದುಡ್ಡಿನ ಬಗ್ಗೆ. ಆದರೆ ಇಂಥ ಪತ್ರಿಕೆ ಬಾಳುವುದು ಸಂಪಾದಕರ ಮೇಜಿನ ಮೇಲೆ. ಸುಳಿವು ತಾಳೆಯಾಗದ ಕಥೆ ಓದಿ ಮೋಸಹೋದವರು ಎರಡನೆಯ ಸಂಚಿಕೆ ಕೊಳ್ಳುವುದಿಲ್ಲ.

ಬಂದ ಪ್ರತಿ ಕಥೆಗೂ ಒಂದು ಹಾಳೆಯಲ್ಲಿ ಎರಡು ಕಾಲಂ ಎಳೆಯಿರಿ. ಎಡಗಡೆ, ನಿಜವಾಗಿ ನಡೆದದ್ದು, ಗಂಟೆ ಸಮೇತ. ಬಲಗಡೆ, ಅದು ಓದುಗರಿಗೆ ತಿಳಿಯುವ ಪುಟ. ಅಪರಾಧಿ ಸಿಕ್ಕಿಬೀಳಲು ಕಾರಣವಾದ ಸುಳಿವು ಕೊನೆಯ ಪುಟದಲ್ಲೇ ಮೊದಲ ಬಾರಿ ಕಾಣಿಸಿಕೊಂಡರೆ ಕಥೆಯನ್ನು ವಾಪಸ್ ಕಳಿಸಬೇಕು.

ಒಂದು ಉದಾಹರಣೆ ನೋಡೋಣ. ರಾತ್ರಿ ಹತ್ತಕ್ಕೆ ಕೊಲೆ. ಬೆಳಿಗ್ಗೆ ಆರಕ್ಕೆ ಇನ್ಸ್‌ಪೆಕ್ಟರ್ ಬಂದು, ಹೆಣದ ಬಾಯಿಯನ್ನು ಸಲೀಸಾಗಿ ತೆರೆದು ಒಳಗಿನ ಚೀಟಿ ತೆಗೆಯುತ್ತಾರೆ. ಇದು ಆಗದ ಮಾತು. ಸತ್ತ ಎರಡು ಮೂರು ಗಂಟೆಗೆ ದವಡೆ, ಕುತ್ತಿಗೆ ಸೆಟೆಯಲು ತೊಡಗುತ್ತವೆ. ಎಂಟು ಗಂಟೆಯ ಹೊತ್ತಿಗೆ ದವಡೆ ಬಿಗಿದುಕೊಂಡಿರುತ್ತದೆ. ಸರಿ, ಕೊಲೆಯನ್ನು ಬೆಳಗಿನ ಐದಕ್ಕೆ ಸರಿಸೋಣವೆಂದರೆ, ಆರೋಪಿ ಸೆಕೆಂಡ್ ಶೋ ಸಿನಿಮಾದಲ್ಲಿದ್ದ ಎಂಬ ಸಾಕ್ಷ್ಯಕ್ಕೇ ಅರ್ಥವಿರುವುದಿಲ್ಲ. ಒಂದು ಎಳೆ ಎಳೆದರೆ ಇನ್ನೊಂದು ಬಿಚ್ಚುತ್ತದೆ. ಹಾಗಾಗಿ ತಿದ್ದುಪಡಿಯನ್ನು ಸಂಪಾದಕರು ತಾವೇ ಮಾಡದೆ, ಆ ಹಾಳೆಯನ್ನೇ ಲೇಖಕರಿಗೆ ಕಳಿಸುವುದು ಒಳ್ಳೆಯದು.

ಕಾನೂನಿನ ವಿಷಯದಲ್ಲೂ ಎಚ್ಚರ ಬೇಕು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಹಳೆಯ ಭಾರತೀಯ ದಂಡ ಸಂಹಿತೆಯಲ್ಲಿ ಕೊಲೆಗೆ ಶಿಕ್ಷೆ ಹೇಳುತ್ತಿದ್ದ 302ನೇ ಸೆಕ್ಷನ್ ಈಗ 103 ಆಗಿದೆ. ಕಥೆ 2019ರಲ್ಲಿ ನಡೆಯುವುದಾದರೆ 302 ಎಂದೇ ಇರಲಿ. ಠಾಣೆಯಲ್ಲಿ ಆರೋಪಿ ತಪ್ಪೊಪ್ಪಿಕೊಂಡ, ಕೇಸು ಮುಗಿಯಿತು ಎನ್ನುವ ಅಂತ್ಯ ತುಂಬ ಬರುತ್ತದೆ. ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ನ್ಯಾಯಾಲಯ ಆರೋಪಿಯ ವಿರುದ್ಧ ಸಾಬೀತಿಗೆ ಒಪ್ಪುವುದಿಲ್ಲ. ಹಾಗಾಗಿ ಬೇರೆ ಪುರಾವೆ ಸಿಗಲೇಬೇಕು. ಕಥೆಗೂ ಅದೇ ಒಳ್ಳೆಯ ಅಂತ್ಯ.

ಅನುವಾದ ಹಾಕುವವರು ಲೆಕ್ಕ ಹಾಕಬೇಕಾದದ್ದು ಒಂದಿದೆ. ನಮ್ಮಲ್ಲಿ ಕೃತಿಸ್ವಾಮ್ಯ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಉಳಿಯುತ್ತದೆ. 1930ರಲ್ಲಿ ತೀರಿಕೊಂಡ ಆರ್ಥರ್ ಕಾನನ್ ಡಾಯ್ಲ್ ಅವರ ಕಥೆಗಳಿಗೆ ಅನುಮತಿ ಬೇಡ. 1976ರಲ್ಲಿ ತೀರಿಕೊಂಡ ಅಗಾಥಾ ಕ್ರಿಸ್ಟಿಯವರದ್ದಕ್ಕೆ 2036ರ ಕೊನೆಯವರೆಗೂ ಬೇಕು. ಸ್ವಂತ ಕಥೆ ಬರೆದವರೊಂದಿಗೂ ಒಂದು ಪುಟದ ಕರಾರು ಇರಲಿ: ಮೊದಲ ಪ್ರಕಟಣೆಯ ಹಕ್ಕು ಮಾತ್ರ, ಇಂತಿಷ್ಟು ತಿಂಗಳು, ಇಂತಿಷ್ಟು ಸಂಭಾವನೆ. ಹಕ್ಕು ಬರೆಸಿಕೊಂಡು ಅವಧಿ ನಮೂದಿಸದಿದ್ದರೆ ಕಾಯ್ದೆ ಅದನ್ನು ಐದು ವರ್ಷವೆಂದು ಪರಿಗಣಿಸುತ್ತದೆ. ಲೇಖಕರಿಗೆ ಇದು ಅನ್ಯಾಯ.

ಇನ್ನು ಅಚ್ಚು. ಸಾಮಾನ್ಯ ಕಾದಂಬರಿಯ ಡೆಮಿ ಅಷ್ಟಮ ಅಳತೆ, 16 ಪುಟದ ಆರು ಫಾರಂ, ಅಂದರೆ 96 ಪುಟ. 70 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 70 ಗ್ರಾಂ ತೂಗುವ ಕಾಗದದಲ್ಲಿ ರಟ್ಟು ಸೇರಿ ಒಂದು ಪ್ರತಿ ಸುಮಾರು 120 ಗ್ರಾಂ ತೂಗುತ್ತದೆ. ಅಂಚೆ ವೆಚ್ಚಕ್ಕೆ ಈ ತೂಕವೇ ಆಧಾರ. ಪುಟಕ್ಕೆ 220 ಪದವೆಂದರೂ ಮೂರು ಸಾವಿರ ಪದದ ಆರು ಕಥೆಗಳು ಹಿಡಿಯುತ್ತವೆ. ಪರಿಹಾರ ಬಿಚ್ಚಿಕೊಳ್ಳುವ ಸಾಲು ಬಲಪುಟದಲ್ಲಿ ಬರಬಾರದು, ಹಾಳೆ ತಿರುವಿದ ಮೇಲೆ ಸಿಗಬೇಕು. ಚಿತ್ರ ಬರೆಯುವವರಿಗೆ ಕಥೆಯ ಮೊದಲರ್ಧ ಮಾತ್ರ ಕೊಟ್ಟರೆ ಗುಟ್ಟು ಚಿತ್ರದಲ್ಲಿ ಸೋರುವುದಿಲ್ಲ.

‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಿಂದ ಯೂನಿಕೋಡಿಗೆ ಬದಲಿಸುವಾಗ ನಡುವೆ ಬಂದ ಇಂಗ್ಲಿಷ್ ಅಕ್ಷರಗಳು ಕಲಸಿಹೋಗುತ್ತವೆ. ಕಾರಿನ ನಂಬರೇ ಸುಳಿವಾಗಿದ್ದರೆ ಕಥೆ ಅಲ್ಲಿಗೇ ಸತ್ತಿತು! ಕರಡು ತಿದ್ದುವ ಒಬ್ಬರು ಬರೀ ಅಂಕಿ, ಗಂಟೆ, ಹೆಸರುಗಳನ್ನೇ ಮೂಲಪ್ರತಿಯೊಂದಿಗೆ ಹಿಡಿದು ನೋಡಲಿ.

ಪತ್ರಿಕೆಯ ಹೆಸರಿನ ನೋಂದಣಿಗೆ ಕೇಂದ್ರ ಸರ್ಕಾರದ ಪ್ರೆಸ್ ಸೇವಾ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಕನ್ನಡದಲ್ಲಿ ಬೇರೆಯವರು ಈಗಾಗಲೇ ಪಡೆದ ಹೆಸರಾಗಲಿ, ಅದನ್ನು ಹೋಲುವುದಾಗಲಿ ಸಿಗುವುದಿಲ್ಲ. ಪತ್ತೇದಾರಿ, ರಹಸ್ಯ ಎಂಬ ಒಂಟಿ ಪದಗಳನ್ನು ನೆಚ್ಚಿಕೊಳ್ಳದೆ ನಾಲ್ಕಾರು ಹೆಸರು ಸಿದ್ಧವಿರಲಿ. ಹೆಸರು ಕೈಗೆ ಬರುವ ಮುಂಚೆ ಮುಖಪುಟ ಮಾಡಿಸಬೇಡಿ.

ಲೆಕ್ಕಕ್ಕೆ, 500 ಪ್ರತಿ, ಬೆಲೆ 150 ರೂಪಾಯಿ, ಅಚ್ಚಿಗೆ ಪ್ರತಿಗೆ 60 ಎಂದಿಟ್ಟುಕೊಳ್ಳಿ. ಅಂಗಡಿಯವರು ಶೇಕಡಾ 40 ಕಮಿಷನ್ ಕೇಳಿದರೆ ನಿಮಗೆ ಉಳಿಯುವುದು ಪ್ರತಿಗೆ 30 ರೂಪಾಯಿ. ಆರು ಲೇಖಕರಿಗೆ ತಲಾ ಸಾವಿರ ಕೊಡಲು 200 ಪ್ರತಿಯ ಉಳಿತಾಯ ಹೋಗುತ್ತದೆ, ಮಾರಾಟವಾಗದವು ವಾಪಸ್ ಬರುವುದು ಬೇರೆ. ಆದ್ದರಿಂದ ಚಂದಾದಾರರನ್ನು ಮೊದಲೇ ಹುಡುಕಿ, ವರ್ಷದ ನಾಲ್ಕು ಸಂಚಿಕೆಗಳ ಹಣವನ್ನು ಬೇರೆ ಖಾತೆಯಲ್ಲಿಡಿ. ಮೊದಲ ಸಂಚಿಕೆ ಅಚ್ಚಿಗೆ ಹೋಗುವ ದಿನ ಮೂರನೆಯ ಸಂಚಿಕೆಯ ಕಥೆಗಳೂ ತಪಾಸಣೆ ಮುಗಿಸಿ ಕೈಯಲ್ಲಿರಬೇಕು. ಇಲ್ಲದಿದ್ದರೆ ಗಡುವಿಗೆ ಹೆದರಿ, ಎರಡು ಕಾಲಂನ ಹಾಳೆಯಲ್ಲಿ ನಪಾಸಾದ ಕಥೆಯನ್ನೇ ಅಚ್ಚು ಹಾಕಬೇಕಾಗುತ್ತದೆ.